ಅರ್ಥ್

ಹದಡಿ ರಸ್ತೆಯ ತಿರುವಿನಲ್ಲಿ ನನ್ನ ಅಂಗಡಿ.
ಅಂಗಡಿಯೆಂದರೆ ಒಂದು ಶಟರು, ಒಂದು ಮಲ್ಟಿಮೀಟರು,
ಹೊಟ್ಟೆ ಬಿಚ್ಚಿಕೊಂಡು ನಿಂತ ಕಾರಿನ ಬಾಗಿಲುಗಳು.

ಹಳೇ ಆಲ್ಟೊ ಬಂತು. ಇಬ್ಬರೂ ಒಟ್ಟಿಗೆ ಇಳಿದು
ಒಟ್ಟಿಗೇ ದೂರು ಶುರುಮಾಡಿದರು.

"ಮೇಲಿನ ಚಿಕ್ಕ ಸ್ಪೀಕರು ಎರಡೂ ಸತ್ತಾವೆ,"
ಅಂದರು ಹಾಲಸಿದ್ದಪ್ಪ.
"ತಾಳದ ಸದ್ದೇ ಇಲ್ಲ. ಭಜನೆಯಲ್ಲಿ
ತಬಲದೋನು ಒಬ್ನೇ ಕೂತಾನೆ,
ಉಳಿದೋರು ಎದ್ದು ಹೋದಂಗೆ."

"ಅವೇ ಚಿಕ್ಕವು ಕುಂಯ್ ಅಂತಾವಪ್ಪ,"
ಅಂದರು ಸರ್ವಮಂಗಳಮ್ಮ.
"ಇವರು ತುಳಿದಷ್ಟೂ ಏರ್ತದೆ.
ಹರಿಹರ ಮುಟ್ಟೋದ್ರೊಳಗೆ ನನ್ನ ಹಲ್ಲು ಜುಮ್ಮಂತಾವೆ."

ಸತ್ತದ್ದು ಕುಂಯ್ ಅನ್ನುವುದು ಹೇಗೆ?

ಕೀಲಿ ತಿರುವಿದೆ. ಎಂಜಿನ್ನು ಎದ್ದಿತು,
ಅದರ ಬೆನ್ನಿಗೇ ಸಿಳ್ಳೆ,
ಎಳೆದು ಹಿಡಿದ ಕೂದಲಿನಷ್ಟು ತೆಳು.
ಸೌಂಡು ಸೊನ್ನೆಗಿಳಿಸಿದರೂ ಅದು ಇಳಿಯದು.
ಹಾಗಾದರೆ ತಪ್ಪು ಹಾಡುವ ಪೆಟ್ಟಿಗೆಯದಲ್ಲ,
ಸೀಟಿನ ಕೆಳಗೆ ಕೂತ ಆಂಪ್ಲಿಫೈಯರಿನ ಕಡೆಯದು.

"ಯಾವ ಸಿಳ್ಳೆ?" ಹಾಲಸಿದ್ದಪ್ಪ
ಬಾನೆಟ್ಟಿನ ಕಡೆ ನೋಡಿದರು.

ಸೀಟೆತ್ತಿದೆ. ಒಂದು ಎಂಟಾಣೆ, ಮುರಿದ ಬಾಚಣಿಗೆ,
ಮಂಡಕ್ಕಿ (ದಾವಣಗೆರೆಯ ಗಾಡಿ
ಮಂಡಕ್ಕಿಯಿಲ್ಲದೆ ಓಡುವುದಿಲ್ಲ).
ಕಪ್ಪು ವೈರಿನ ತುದಿಯನ್ನು ಯಾವನೋ ಅವಸರದವನು
ಬಣ್ಣದ ಮೇಲೇ ಬಿಗಿದು ಹೋಗಿದ್ದ.

ಇದಕ್ಕೆ ನಾವು ಅರ್ಥ್ ಅನ್ನುತ್ತೇವೆ.
ಅರ್ಥ್ ಸಿಗದಿದ್ದರೆ ಕರೆಂಟು ಅಡ್ಡದಾರಿ ಹಿಡಿದು
ಹಾಡಿನ ವೈರಿನಲ್ಲೇ ಗೊಣಗುತ್ತ ವಾಪಸ್ಸಾಗುತ್ತದೆ.
ಶಾಲೆಯಲ್ಲಿ ಮೇಷ್ಟ್ರು ಅರ್ಥವಾಯ್ತೇನೋ ಅಂದಾಗೆಲ್ಲ
ಸುಮ್ಮನೆ ತಲೆಯಾಡಿಸಿದವನು ನಾನು.
ಈಗ ದಿನಕ್ಕೆ ಮೂರು ಸಲ, ಟೆಸ್ಟರ್ ಹಲ್ಲಲ್ಲಿ ಕಚ್ಚಿಕೊಂಡು,
ನನ್ನನ್ನೇ ಕೇಳಿಕೊಳ್ಳುತ್ತೇನೆ.

ಉಪ್ಪುಕಾಗದದಲ್ಲಿ ಉಜ್ಜಿದೆ, ತಗಡಿನ ಬಿಳಿ ಕಾಣುವವರೆಗೆ.
ಬೋಲ್ಟು ಬಿಗಿದೆ.
ಸಿಳ್ಳೆ ನಿಂತಿತು.

ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡರು.
ಹಾಲಸಿದ್ದಪ್ಪ ಕೇಸು ಗೆದ್ದವರಂತೆ:
"ನೋಡು, ಆಗ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ."

ಚಿಕ್ಕ ಸ್ಪೀಕರಿಗೆ ಕಿವಿ ಕೊಟ್ಟೆ.
ತಾಳವಿತ್ತು. ಗೆಜ್ಜೆಯಿತ್ತು.
ಹಾಡುವವನು ಉಸಿರೆಳೆದುಕೊಳ್ಳುವುದೂ ಇತ್ತು.

"ಎಲ್ಲಿ ಕೆಲಸ ಮಾಡ್ತಿದ್ರಿ?" ತಲೆ ಎತ್ತದೆ ಕೇಳಿದೆ.
ಉತ್ತರವಿಲ್ಲ.
ಮುಖ ನೋಡಿ ಕೇಳಿದೆ.
"ಮಿಲ್ಲಿನಾಗೆ. ಮೂವತ್ತೊಂದು ವರ್ಷ, ನೇಯ್ಗೆ ಖಾತೆ.
ಒಂದೇ ಸೂರಿನಡಿ ನೂರಿಪ್ಪತ್ತು ಮಗ್ಗ.
ಬಾಯಿ ನೋಡಿ ಮಾತಾಡ್ತಿದ್ವಿ."

ಅವರ ಬೆನ್ನ ಹಿಂದೆ ಸರ್ವಮಂಗಳಮ್ಮ,
ಪಿಸುಗುಟ್ಟುವ ತೊಂದರೆಯನ್ನೂ ತೆಗೆದುಕೊಳ್ಳದೆ,
ಮಾಮೂಲು ದನಿಯಲ್ಲೇ ಅಂದರು:
"ಹೊಸಾವು ಹಾಕ್ದೆ ಅನ್ನಪ್ಪ."

ಎರಡನ್ನೂ ಬಿಚ್ಚಿದೆ.
ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿಯ ಧೂಳು ಕೊಡವಿ
ಅವನ್ನೇ ಮತ್ತೆ ಕೂರಿಸಿದೆ.
"ಹೊಸಾವು," ಅಂದೆ, ತುಟಿ ಕಾಣುವಂತೆ.

ಹಾಲಸಿದ್ದಪ್ಪ ಬಾಗಿಲಿಗೆ ಅಂಗೈ ಒತ್ತಿದರು,
ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ.
ಹಾಡು ಮುಗಿಯುವವರೆಗೂ ತೆಗೆಯಲಿಲ್ಲ.
ಆಮೇಲೆ ಒಂದು ಬೆರಳು ಮೇಲಕ್ಕೆ ಹೋಗಿ
ಚಿಕ್ಕ ಸ್ಪೀಕರಿನ ಸ್ಕ್ರೂ ತಲೆಯ ಮೇಲೆ ನಿಂತಿತು.
ಹಳೇ ತುಕ್ಕು.
ಮಗ್ಗದ ಬಿಡಿಭಾಗಗಳನ್ನೇ ಬದಲಾಯಿಸಿ ಸವೆದ ಬೆರಳು.

ನನ್ನನ್ನು ನೋಡಿದರು. ಹೆಂಡತಿಯನ್ನು ನೋಡಿದರು.
"ಹಾಂ, ಈಗ ಬಂತು ನೋಡು ತಾಳ,"
ಅಂದರು, ರಸ್ತೆಗೆಲ್ಲ ಕೇಳುವಂತೆ.
ಮತ್ತೆ ನನಗೆ: "ಗ್ಯಾರಂಟಿ ಎಷ್ಟು ದಿನ?"

ಎಂಜಿನ್ನು ಎದ್ದ ಮೇಲೆ ಹಾಡು ಹಚ್ಚಿ,
ತೊಳೆಯುವಾಗ ಪೈಪು ಬಾಗಿಲ ಸಂದಿಗೆ ಹಿಡಿಯಬೇಡಿ,
ನೆರಳಲ್ಲಿ ನಿಲ್ಲಿಸಿ, ಬಿಸಿಲಿಗೆ ಕಾಗದದ ಕೋನು ಒಡೆಯುತ್ತದೆ
ಎಂದೇನೇನೋ ಹೇಳಿದೆ.
ಅವರು ನನ್ನ ಬಾಯನ್ನೇ ನೋಡುತ್ತಿದ್ದರು.
ಅರ್ಥಿಗೆ ನೂರೈವತ್ತು.
ಉಳಿದ ಇನ್ನೂರನ್ನು ಅವರು ಟೆಸ್ಟರಿನ ಕೆಳಗೆ ಇಟ್ಟರು.

ಗಾಡಿ ಎಡಕ್ಕೆ ಹೊರಳಿತು.
ರಸ್ತೆ ನೇರವಾದರೂ ಇಂಡಿಕೇಟರು
ಮಿಣಕ್ ಮಿಣಕ್ ಅನ್ನುತ್ತಲೇ ಹೋಯಿತು.
ಅದರ ಟಿಕ್ ಟಿಕ್ ಅವರಿಗೆಲ್ಲಿ ಕೇಳಬೇಕು.

ಹಿಂದಿನ ಗಾಜಿನಲ್ಲಿ
ಬಳೆಯ ಕೈಯೊಂದು ಅವರ ಭುಜ ತಟ್ಟಿತು.
ದೀಪ ಆರಿತು.